ಆದರೆ ಬರುತ್ತೇನೆ

ತೆನ್ಮಾ, ಒಸಾಕಾ
೧೯೮೪ ಜೂನ್ ೧೦

ಶ್ರೀಮತಿ ಕುದೋ ತಮಿಕೊ ಅವರಿಗೆ,

ನಿಶಿವಾಕಿ ಯಾಸುಯೊ ಮಾಡುವ ನಮಸ್ಕಾರ. ನಿಮ್ಮ ಕಡೆ ಇನ್ನೂ ಒಲೆ ಹಚ್ಚಿಕೊಂಡು ಕೂರುವಷ್ಟು ಚಳಿಯಂತೆ, ಮಗ ಶೂಜಿ ಹೇಳಿದ. ಇಲ್ಲಿ ಮಳೆ ಹಿಡಿದಿದೆ, ಆದರೂ ಬೆಳಗ್ಗೆ ಎದ್ದ ಕೂಡಲೇ ಬೆವರು. ಕಾದ ಹಂಚಿನ ಮುಂದೆ ನಿಲ್ಲುವವಳ ಪಾಡು ಕೇಳಬೇಡಿ.

ಗಂಡಿನ ತಾಯಿ ತಾನೇ ಮುಂದಾಗಿ ಹೆಣ್ಣಿನ ತಾಯಿಗೆ ಬರೆಯಬಹುದೋ ಬಾರದೋ, ನನಗೆ ತಿಳಿಯದು. ಕೇಳಿದರೆ ಬೇಡ ಎನ್ನುತ್ತಾರೆಂದು ಯಾರನ್ನೂ ಕೇಳಲಿಲ್ಲ. ನನಗೆ ಸುಮ್ಮನಿರಲು ಬರುವುದಿಲ್ಲ. ನನ್ನ ಮಗ ಎರಡು ವರ್ಷ ನಿಮ್ಮೂರಿನ ಹತ್ತಿರ ಕಡಲ ಕೆಳಗಿನ ಸುರಂಗದಲ್ಲಿ ವಿದ್ಯುತ್ ಕೆಲಸ ಮಾಡಿದ, ತಿಂಗಳಿಗೊಮ್ಮೆ ನಿಮ್ಮ ಕ್ಷೌರದಂಗಡಿಯಲ್ಲಿ ತಲೆ ಕೊಟ್ಟು ಕೂತ. ವಾಪಸು ಬಂದಾಗ ಕೂದಲು ಒಪ್ಪವಾಗಿತ್ತು, ಮನಸ್ಸು ಮಾತ್ರ ನಿಮ್ಮ ಮಿಹೊ ಹತ್ತಿರವೇ ಉಳಿದಿತ್ತು. ಹುಡುಗಿ ಒಪ್ಪಿದ್ದಾಳಂತೆ. ಅವರಪ್ಪ "ಅವಳಮ್ಮ ಹೇಳಿದ ಹಾಗೆ" ಎಂದರಂತೆ. ಅವಳಮ್ಮ ಏನೂ ಹೇಳಲಿಲ್ಲವಂತೆ! ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಸುಮ್ಮನೆ ಕೂತವರ ಜೊತೆ ಜಗಳ ಹೇಗೆ ಆಡುವುದು, ನೀವೇ ಹೇಳಿ.

ಅದಕ್ಕೆ ಕೇಳುತ್ತಿದ್ದೇನೆ. ಜುಲೈ ೨೧, ೨೨ ಶನಿವಾರ ಭಾನುವಾರ ನಮ್ಮ ಮನೆಗೆ ಬನ್ನಿ. ಮಗಳು ಬಾಳಬೇಕಾದ ಮನೆಯನ್ನು ನಿಮ್ಮ ಕಣ್ಣಿಂದಲೇ ನೋಡಿ. ಮನೆಯಲ್ಲಿ ನಾವು ಮೂವರೇ: ನಾನು, ಶೂಜಿ, ತೀರಿಹೋದ ನನ್ನ ಯಜಮಾನರ ತಾಯಿ. ಅತ್ತೆಗೆ ಎಂಬತ್ತಮೂರು. ಕಿವಿ ಸ್ವಲ್ಪ ಮಂದ, ನಾಲಿಗೆ ಭಾರಿ ಚುರುಕು. ಕೆಳಗೆ ಕೋಸಿನ ರೊಟ್ಟಿಯ ಅಂಗಡಿ, ಮೇಲೆ ಮನೆ. ಎಲ್ಲರ ಮನೆ ದೋಸೆಯೂ ತೂತೇ ಅಂತಾರಲ್ಲ, ನಮ್ಮ ಮನೆಯ ರೊಟ್ಟಿಯಲ್ಲೂ ತೂತುಗಳಿವೆ. ಬಂದು ನೋಡಿ. ಊರೆಲ್ಲ ಸುತ್ತಿಸುತ್ತೇನೆ, ತಿನ್ನಿಸುತ್ತೇನೆ, ನಗಿಸುತ್ತೇನೆ. ಆಮೇಲೆ ಬೇಡ ಎನ್ನಿಸಿದರೆ ಬೇಡ ಎನ್ನಿ.

ನಿಶಿವಾಕಿ ಯಾಸುಯೊ


ಮಿನ್‌ಮಾಯಾ, ಆವೊಮೊರಿ
೧೯೮೪ ಜೂನ್ ೨೦

ನಿಶಿವಾಕಿ ಅವರಿಗೆ,

ಪತ್ರ ತಲುಪಿತು.

ಶೂಜಿಯದು ಒಳ್ಳೆಯ ತಲೆ. ಎಡಕ್ಕೆ ಸುಳಿ ಇದೆ. ಹುಡುಗನ ಮೇಲೆ ನನ್ನದೇನೂ ದೂರಿಲ್ಲ.

ಮಿಹೊ ಮಾತು ಕಡಿಮೆ. ನಮ್ಮ ಮನೆಯಲ್ಲಿ ಎಲ್ಲರೂ ಹಾಗೆ. ಶೂಜಿ ಕುರ್ಚಿಯಲ್ಲಿ ಒಂದು ಸಲ ಕೂತು ಆಡುವಷ್ಟು ಮಾತು ನಮ್ಮ ಮನೆಗೆ ಒಂದು ಚಳಿಗಾಲಕ್ಕೆ ಸಾಕು. ಅಂಥವರು ನಿಮ್ಮಲ್ಲಿ ಮೂವರು. ಅವರ ನಡುವೆ ನನ್ನ ಮಗಳ ಮಾತು ಯಾರ ಕಿವಿಗೂ ಬೀಳದೆ ಹೋದೀತು ಎನ್ನುವುದೊಂದೇ ನನ್ನ ಚಿಂತೆ. ಅದಕ್ಕೇ ಏನೂ ಹೇಳಿಲ್ಲ.

ಶನಿವಾರ ಭಾನುವಾರವೇ ಅಂಗಡಿಗೆ ಜನ ಬರುವುದು. ಎರಡು ದಿನ ಮುಚ್ಚಲು ಆಗಬೇಕು. ಆದರೆ ಬರುತ್ತೇನೆ.

ಒಣಗಿಸಿದ ಬೊಂಡಾಸ ಮೀನು ಕಳಿಸಿದ್ದೇನೆ. ನಮ್ಮ ಯಜಮಾನರು ಹಿಡಿದದ್ದು.

ಕುದೋ ತಮಿಕೊ


ತೆನ್ಮಾ, ಒಸಾಕಾ
೧೯೮೪ ಜೂನ್ ೨೮

ಕುದೋ ಅವರಿಗೆ,

ನಿಮ್ಮ ಪತ್ರ ಬಂತು, ಬೊಂಡಾಸವೂ ಬಂತು. ಎಷ್ಟು ದಪ್ಪ, ಎಷ್ಟು ಸಿಹಿ! ಅತ್ತೆ ಹಲ್ಲಿನ ಸೆಟ್ಟು ಕೈಯಲ್ಲಿ ಹಿಡಿದುಕೊಂಡೇ ಚೀಪುತ್ತಿದ್ದಾರೆ.

ನೀವು ಬರೆದದ್ದು ಚೆನ್ನಾಗಿ ಅರ್ಥವಾಯಿತು. ಅಂಗಡಿ ಇಟ್ಟವರ ಕಷ್ಟ ನನಗೆ ಗೊತ್ತಿಲ್ಲವೇ? ಸಂಕೋಚ ಪಟ್ಟುಕೊಳ್ಳಬೇಡಿ. ನಿಮ್ಮ ಅನುಕೂಲವೇ ನಮ್ಮ ಅನುಕೂಲ. ಯಾವುದಕ್ಕೂ ಕಾಲ ಕೂಡಿಬರಬೇಕು.

ಇಲ್ಲಿ ಸೆಕೆ ಹೆಚ್ಚಾಗಿದೆ. ನಾನು ಆರಾಮಾಗಿದ್ದೇನೆ.

ನಿಶಿವಾಕಿ ಯಾಸುಯೊ


ತೆನ್ಮಾ, ಒಸಾಕಾ
೧೯೮೪ ಜುಲೈ ೨೩

ಕುದೋ ಅವರಿಗೆ,

ಬರೆಯುವುದು ಬೇಡ ಎಂದುಕೊಂಡಿದ್ದೆ. ಅತ್ತೆ ಬಿಡುತ್ತಿಲ್ಲ. ಯಾಕೆಂದು ಹೇಳುತ್ತೇನೆ.

ಶನಿವಾರ ಭಾನುವಾರ ನಮ್ಮ ಬೀದಿಯ ಮಹಿಳಾ ಸಂಘದವರೆಲ್ಲ ಶಿರಹಾಮಾದ ಬಿಸಿನೀರಿನ ಬುಗ್ಗೆಗೆ ಹೋಗಿದ್ದೆವು. ಹೇಗೂ ಆ ಎರಡು ದಿನ ಬೇರೆ ಕೆಲಸ ಇರಲಿಲ್ಲವಲ್ಲ. ಚೀಲ ಹೊರಲಿ ಎಂದು ಶೂಜಿಯನ್ನೂ ಎಳೆದುಕೊಂಡು ಹೋದೆ. ಅತ್ತೆ ಮಾತ್ರ, "ನನ್ನನ್ನ ಬೇಯಿಸ್ಬೇಕು ಅಂದ್ರೆ ಇಲ್ಲೇ ಬೇಯ್ಸಿ, ಅಷ್ಟು ದೂರ ಯಾಕೆ?" ಎಂದು ಮನೆಯಲ್ಲೇ ಉಳಿದರು. ಪಕ್ಕದ ಉಪ್ಪಿನಕಾಯಿ ಅಂಗಡಿಯವರ ತಂಗಿ ಮಗಳು ಬಂದು ನೋಡಿಕೊಳ್ಳುವುದೆಂದು ಮಾತಾಗಿತ್ತು.

ನಿನ್ನೆ ರಾತ್ರಿ ಬಂದು ನೋಡುತ್ತೇನೆ, ಅತ್ತೆ ಗುರುತೇ ಸಿಗುವುದಿಲ್ಲ! ಒಂದು ವರ್ಷದಿಂದ ತಲೆಗೆ ಯಾರನ್ನೂ ಕೈ ಹಾಕಲು ಬಿಟ್ಟವರಲ್ಲ. "ಈ ವಯಸ್ಸಿಗೆ ಗಿಡ್ಡ ಇದ್ರೇನೇ ಅನುಕೂಲ" ಎಂದು ಯಾರೋ ಕೇಶಾಲಂಕಾರದವಳು ಅಂದಳೆಂದು ಅಂದಿನಿಂದ ಹಠ. ಈಗ ಕಿವಿಯ ಕೆಳಗೆ ಹದವಾಗಿ ಕತ್ತರಿಸಿದ ಕೂದಲು, ಹತ್ತು ವರ್ಷ ಚಿಕ್ಕವರಾಗಿದ್ದಾರೆ. ಯಾರು ಮಾಡಿದ್ದು ಎಂದರೆ, "ನೀನು ಕಳಿಸಿದ್ಯಲ್ಲ, ಮಿನಾಮಿಯವಳು, ಹಲ್ಲು ನೋವಿನವಳು" ಎನ್ನುತ್ತಾರೆ. ಇಬ್ಬರೂ ಸೇರಿ ಎರಡು ದಿನ ಊರೆಲ್ಲ ಅಲೆದರಂತೆ. ಉಪ್ಪಿನಕಾಯಿಯವರನ್ನು ಕೇಳಿದರೆ, ತಂಗಿ ಮಗಳನ್ನು ಶುಕ್ರವಾರವೇ ನಾನಿಲ್ಲದಾಗ ಅಜ್ಜಿ ಬೈದು ಓಡಿಸಿದರು, ಆಮೇಲೆ ತಾವು ಯಾರನ್ನೂ ಕಳಿಸಲಿಲ್ಲ ಎನ್ನುತ್ತಾರೆ. ಮಿನಾಮಿ ಎಂದರೆ ಇಲ್ಲಿಂದ ಕೂಗಳತೆ, ಹೋಗಿ ಹುಡುಕೋಣವೆಂದರೆ ಹೆಸರೂ ಗೊತ್ತಿಲ್ಲ. ಅತ್ತೆ ನನ್ನ ತಲೆಯ ಮೇಲೆ ಕೂತಿದ್ದಾರೆ: "ಆ ಉತ್ತರದ ಕತ್ತರಿಯಮ್ಮನಿಗೆ ಬರೆ, ನಿನ್ನನ್ನ ಮೀರಿಸೋಳು ನಮ್ಮೂರಲ್ಲೇ ಇದ್ದಾಳೆ ಅಂತ ಬರೆ!" ಬರೆದಿದ್ದೇನೆ, ತಪ್ಪು ತಿಳಿಯಬೇಡಿ.

ಕೈಯಲ್ಲಿ ಲೇಖನಿ ಇರುವಾಗ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ನಿಮಗೆ ಈ ಸಂಬಂಧ ಬೇಡವಾದರೆ ನೇರವಾಗಿ ಬೇಡ ಎನ್ನಿ. ಶೂಜಿ ಊಟ ಬಿಟ್ಟಿದ್ದಾನೆ ಎಂದು ನಾನು ಸುಳ್ಳು ಹೇಳುವುದಿಲ್ಲ, ಆಕಾಶ ಕಳಚಿ ಬಿದ್ದರೂ ಅವನು ಊಟ ಬಿಡುವವನಲ್ಲ. ಆದರೆ ಮಾತು ಬಿಟ್ಟಿದ್ದಾನೆ. ಪ್ರವಾಸದಲ್ಲಿ ಎರಡು ದಿನ ಕಡಲು ನೋಡುತ್ತಾ ಕೂತಿದ್ದ. ನಮ್ಮ ಮನೆಯಲ್ಲಿ ಅದು ಕಾಯಿಲೆ. ನನಗೆ ಅವನನ್ನು ನೋಡಲಾಗುತ್ತಿಲ್ಲ.

ನಿಶಿವಾಕಿ ಯಾಸುಯೊ


ಮಿನ್‌ಮಾಯಾ, ಆವೊಮೊರಿ
೧೯೮೪ ಜುಲೈ ೨೪

ಯಾಸುಯೊ ಅವರಿಗೆ,

ನಾನು ಉದ್ದದ ಪತ್ರ ಬರೆದು ರೂಢಿಯಿಲ್ಲ. ಇವತ್ತು ಬರೆಯಲೇಬೇಕು.

ಶನಿವಾರ ನಿಮ್ಮ ಮನೆಗೆ ಬಂದಿದ್ದೆ. ಬರುತ್ತೇನೆ ಎಂದು ಬರೆದಿದ್ದೆನಲ್ಲ. ನೀವೂ ಅರ್ಥವಾಯಿತು ಎಂದಿದ್ದಿರಿ. ಮಿಹೊಗೆ ಹೇಳಿರಲಿಲ್ಲ. ಅಕಿತಾದಲ್ಲಿ ಕ್ಷೌರಿಕರ ಸಂಘದ ಸಭೆ ಇದೆಯೆಂದು ಸುಳ್ಳು ಹೇಳಿ ಹೊರಟೆ. ನಿಜ ಹೇಳಿದ್ದರೆ ವಾಪಸು ಬಂದ ಮೇಲೆ ನನ್ನ ಮುಖ ನೋಡುತ್ತಾ ಕಾಯುತ್ತಿದ್ದಳು. ಮೊದಲು ನಾನೊಬ್ಬಳೇ ನೋಡಬೇಕು ಎನ್ನಿಸಿತ್ತು.

ಶುಕ್ರವಾರ ಸಂಜೆ ರೈಲು ಹತ್ತಿ ಮಾರನೆಯ ಬೆಳಗ್ಗೆ ಇಳಿದೆ. ನಿಲ್ದಾಣದಲ್ಲಿ ನೀವಿರಲಿಲ್ಲ. ಕೇಳಿಕೊಂಡು ಮನೆಗೆ ಬಂದರೆ ಅಂಗಡಿಗೆ ಬಾಗಿಲು ಎಳೆದಿತ್ತು. ಸಂಘದ ಪ್ರವಾಸ, ಎರಡು ದಿನ ರಜೆ ಎಂದು ಚೀಟಿ. ನನಗೆ ಬಹಳ ಕೋಪ ಬಂತು. ಕರೆದು ಹೀಗೆ ಮಾಡುವವರಿಗೆ ಮಗಳನ್ನು ಕೊಡುವುದಿಲ್ಲ ಎಂದು ಆ ಬಾಗಿಲಿನ ಮುಂದೆ ನಿಂತು ತೀರ್ಮಾನಿಸಿದೆ. ನಿಮ್ಮ ಊರಿನ ಜೀರುಂಡೆಗಳು ಬೇರೆ ತಲೆಯ ಮೇಲೆ ಕಿರಿಚುತ್ತಿದ್ದವು. ಹೊರಡುವ ಮೊದಲು ಒಂದು ಸಲ ಬಾಗಿಲು ತಟ್ಟಿದೆ.

"ಯಾರದು? ಬೇಡ ಅಂದೆನಲ್ಲ! ನಿನ್ನೆ ಒಬ್ಬಳನ್ನ ಓಡಿಸಿದ್ದೀನಿ, ಇವತ್ತು ಇನ್ನೊಬ್ಬಳಾ?" ಬಾಗಿಲು ಅರ್ಧ ಮೇಲೆದ್ದಿತು. ನಿಮ್ಮ ಅತ್ತೆ, ಉಮೆ ಅಜ್ಜಿ, ಬಗ್ಗಿ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಕುದೋ," ಎಂದೆ.

"ಏನು ಕೂಡೋದು? ಎಲ್ಲಿಂದ ಬಂದೆ?"

"ಮಿನ್‌ಮಾಯಾ."

"ಮಿನಾಮಿನಾ? ಪಕ್ಕದ ಕೇರಿಯಿಂದ ಬರೋಕೆ ಇಷ್ಟು ಬೆವರೇನೇ! ಮಾತು ಯಾಕೆ ಹಂಗೆ ಹೊರಡ್ತಿದೆ, ಹಲ್ಲು ನೋವಾ? ಬಾ ಒಳಗೆ. ನನ್ನನ್ನ ನೋಡ್ಕೊಳ್ಳೋಕೆ ಯಾರೂ ಬೇಡ, ಆದ್ರೆ ಹಸ್ಕೊಂಡು ಬಂದೋರನ್ನ ಹಂಗೇ ಕಳಿಸೋ ಮನೆ ಅಲ್ಲ ಇದು."

ಇನ್ನೆರಡು ಸಲ ಹೇಳಿ ನೋಡಿದೆ. ಮೂರನೆಯ ಸಲಕ್ಕೆ ರೊಟ್ಟಿ ಬಂತು. ತಿಂದೆ. ಬಹಳ ರುಚಿಯಾಗಿತ್ತು. ತಿನ್ನುತ್ತಿರುವಾಗ ಅಜ್ಜಿ ತಾವಾಗಿಯೇ ನಿಮ್ಮ ಸುದ್ದಿ ತೆಗೆದರು.

"ನನ್ನ ಸೊಸೆ ಪೆದ್ದಿ. ಉತ್ತರದವಳೊಬ್ಬಳು ಬರ್ತಾಳೆ ಅಂತ ಮಹಡಿ ಗೋಡೆಗೆ ಬಣ್ಣ ಹೊಡೆದಳು, ಹೊಸ ಹಾಸಿಗೆ ಹೊಲಿಸಿದಳು. ಆಯಮ್ಮ ಒಂದೇ ಸಾಲು ಬರೆದಳು, ಆದ್ರೆ ಬರ್ತೀನಿ ಅಂತ! ಆದ್ರೆ ಬರ್ತೀನಿ ಅಂದ್ರೆ ಏನು? ಬರಲ್ಲ ಅಂತ. ಕೂಸಿಗೂ ಗೊತ್ತು. ಹಾಸಿಗೆಗೆ ಸುತ್ತಿದ ಹಾಳೆ ಕೂಡ ಬಿಚ್ಚಿಲ್ಲ. ಎರಡು ದಿನ ನನ್ನ ಸೊಸೆ ಕೋಸು ಹೆಚ್ಚುತ್ತಾ ಅತ್ತಳು. ಈರುಳ್ಳಿ ಅಂತ ನೆಪ. ನಮ್ಮ ರೊಟ್ಟಿಗೆ ಈರುಳ್ಳಿನೇ ಹಾಕಲ್ಲ!"

ನನ್ನ ಕೈ ನಿಂತುಹೋಯಿತು. ಯಾಸುಯೊ ಅವರೇ, ನಮ್ಮೂರಿನಲ್ಲಿ ಆದರೆ ಬರುತ್ತೇನೆ ಎಂದರೆ, ಆಗುವ ಹಾಗೆ ಮಾಡಿಕೊಂಡು ಬರುತ್ತೇನೆ ಎಂದರ್ಥ. ಬರದಿದ್ದರೆ ಬರುವುದಿಲ್ಲ ಎಂದೇ ಬರೆಯುತ್ತೇವೆ. ಕೋಪವೆಲ್ಲ ಇಳಿಯಿತು. ಆಗಲೇ ನಾನು ಯಾರೆಂದು ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ನನ್ನನ್ನು ನನ್ನೆದುರಿಗೇ ಬೈಯುತ್ತಿದ್ದರು. ಹೇಳಿಬಿಟ್ಟರೆ ಅವರ ಮುಖ ಏನಾಗುತ್ತದೋ ಎಂದು ಹೆದರಿದೆ. ಇನ್ನಷ್ಟು ಕೇಳುವ ಆಸೆಯೂ ಇತ್ತು, ಅದೂ ನಿಜ.

"ಆ ಕತ್ತರಿಯಮ್ಮನಿಗೆ ಜಂಬ ಅಲ್ವೇನೇ?" ಎಂದರು.

"ಹ್ಞೂಂ," ಎಂದೆ.

"ಒಪ್ಕೊಂಡ್ಯಲ್ಲ, ಜಾಣೆ. ನಡಿ, ಹೊರಗೆ ಹೋಗೋಣ. ಸೊಸೆ ಇದ್ರೆ ಬಿಸಿಲು ಬಿಸಿಲು ಅಂತ ಕಟ್ಟಿಹಾಕ್ತಾಳೆ."

ಹೀಗೆ ನಾನು ನಿಮ್ಮ ಊರು ನೋಡಿದೆ.

ಉಮೆದಾದ ನೆಲದಡಿಯ ಅಂಗಡಿ ಬೀದಿಗಳಿಗೆ ಕರೆದುಕೊಂಡು ಹೋದರು. "ಹುಟ್ಟಿದಾಗಿಂದ ಇದೇ ಊರಲ್ಲಿದ್ದೀನಿ, ನನ್ನ ಹಿಂದೆ ಬಾ" ಎಂದರು. ಹೋದೆ. ಹತ್ತಿ ಮೇಲೆ ಬಂದರೆ ಹೊರಟ ಜಾಗವೇ. ಮತ್ತೆ ಇಳಿದೆವು, ಮತ್ತೆ ಅಲ್ಲಿಗೇ ಬಂದೆವು. "ದಾರಿ ಸರಿಯಾಗೇ ಇದೆ, ಮೆಟ್ಟಿಲು ಬದಲಾಯಿಸಿದ್ದಾರೆ" ಎಂದರು. ನಿಮ್ಮೂರಲ್ಲಿ ಬಲಕ್ಕೆ ನಿಂತು ಎಡಕ್ಕೆ ದಾರಿ ಬಿಡುತ್ತಾರೆಂದು ತಿಳಿಯದೆ, ಓಡುವ ಮೆಟ್ಟಿಲ ಮೇಲೆ ನಾನು ಎಡಕ್ಕೆ ನಿಂತಿದ್ದೆ. ಹಿಂದಿನವರೆಲ್ಲ ನಿಲ್ಲಬೇಕಾಯಿತು. ಅಜ್ಜಿ ತಿರುಗಿ ಅವರಿಗೆ, "ಹಲ್ಲು ನೋವು, ಪಾಪ" ಎಂದು ಎಲ್ಲರಿಗೂ ಚೀಲದಿಂದ ಒಂದೊಂದು ಮಿಠಾಯಿ ಹಂಚಿದರು. ಮಿಠಾಯಿಯನ್ನು ಅವರು ಮಿಠಾಯಿಮರಿ ಎನ್ನುತ್ತಾರೆ, ಅದಕ್ಕೂ ಜೀವವಿರುವ ಹಾಗೆ. ನನಗೆ ಕೊಟ್ಟದ್ದು ಶುಂಠಿಯದು.

ಮಾರುಕಟ್ಟೆಯಲ್ಲಿ ಪೀಚ್ ಹಣ್ಣು ಆರಿಸಿದೆ. ಫಲಕದಲ್ಲಿ ಮುನ್ನೂರು ಯೆನ್ ಎಂದಿತ್ತು. ಹಣ್ಣಿನವನು ಮುಖ ಗಂಟಿಕ್ಕಿಕೊಂಡು, "ಮೂವತ್ತು ಲಕ್ಷ ಯೆನ್ ಆಯ್ತಕ್ಕ" ಎಂದ. ನಾನು ಹಣ್ಣುಗಳನ್ನು ಒಂದೊಂದಾಗಿ ವಾಪಸು ಇಟ್ಟು, ತಲೆ ಬಗ್ಗಿಸಿ ಕ್ಷಮೆ ಕೇಳಿದೆ. ಅವನ ಬಾಯಿ ಹಾಗೇ ತೆರೆದುಕೊಂಡಿತು. ಅಜ್ಜಿ ಒಂದು ನೋಟು ಚಾಚಿ, "ತಗೋ ಕೋಟಿ ಯೆನ್, ಚಿಲ್ಲರೆ ಸರಿಯಾಗಿ ಕೊಡು. ಇವಳಿಗೆ ಮಿನಾಮಿಯವಳಾಗಿಯೂ ಈ ಜೋಕು ಗೊತ್ತಿಲ್ಲ, ಮನೆಯೋರು ಹೆಂಗೆ ಬೆಳೆಸಿದ್ರೋ!" ಎಂದರು. ಹಣ್ಣಿನವನು ಅಳುವ ಮುಖ ಮಾಡಿ ಒಂದು ಹಣ್ಣು ಹೆಚ್ಚಿಗೆ ಹಾಕಿದ.

ಮಧ್ಯಾಹ್ನ ನಾಂಬಾದಲ್ಲಿ ಹಾಸ್ಯದ ಸಭಾಂಗಣಕ್ಕೆ ಹೋದೆವು. ಇಬ್ಬರು ಗಂಡಸರು ಒಂದೇ ಮೈಕಿನ ಮುಂದೆ ನಿಂತು ಜಗಳವಾಡುತ್ತಿದ್ದರು. ಎಷ್ಟು ಬೇಗ ಮಾತಾಡುತ್ತಾರೆಂದರೆ, ಒಂದು ಮಾತು ಅರ್ಥವಾಗುವಷ್ಟರಲ್ಲಿ ಜನ ಹತ್ತನೆಯದಕ್ಕೆ ನಗುತ್ತಿದ್ದರು. ಮೂರನೆಯ ಸಾಲಿನಲ್ಲಿ ನಾನೊಬ್ಬಳು ನಗದೆ ಕೂತಿದ್ದೆ. ಅವರಲ್ಲಿ ದಪ್ಪನೆಯವನು ಆಟ ನಿಲ್ಲಿಸಿ ನನ್ನ ಕಡೆ ಕೈ ತೋರಿಸಿದ: "ಅಕ್ಕಾ, ಯಾಕೆ ಹಂಗೆ ನೋಡ್ತಿದ್ದೀರಾ? ನಮ್ಮತ್ತೆನೂ ಹಿಂಗೇ ನೋಡೋದು. ಏನಾದ್ರೂ ಹೇಳ್ಬೇಕಿದ್ರೆ ಹೇಳ್ಬಿಡಿ!"

ಇಡೀ ಸಭೆ ನನ್ನ ಕಡೆ ತಿರುಗಿತು. ಅಷ್ಟು ಹೊತ್ತೂ ನನಗೆ ಕಾಣುತ್ತಿದ್ದದ್ದು ಒಂದೇ. ಅದನ್ನೇ ಹೇಳಿದೆ.

"ಹಿಂದುಗಡೆ ಕೂದಲು ಬೆಳೆದಿದೆ."

ಸಭೆ ನಕ್ಕದ್ದು ನೋಡಬೇಕಿತ್ತು. ದಪ್ಪನೆಯವನು ಕುತ್ತಿಗೆ ಹಿಡಿದುಕೊಂಡು ಪರದೆಯ ಹಿಂದೆ ಓಡಿದ. ಅವನ ಜೊತೆಗಾರ ನಕ್ಕು ನಕ್ಕು ನೆಲದ ಮೇಲೆ ಕೂತ. ನನಗೂ ನಗು ಬಂತು, ಬಂದದ್ದು ನಿಲ್ಲಲಿಲ್ಲ. ಯಾವಾಗ ಹಾಗೆ ನಕ್ಕಿದ್ದೆನೋ ನೆನಪಿಲ್ಲ. ಹೊರಗೆ ಬರುವಾಗ ಅಜ್ಜಿ ನನ್ನ ತೋಳು ಹಿಡಿದುಕೊಂಡು, "ನಿನಗೆ ಮಾತು ಕಡಿಮೆ ಅಲ್ಲ ಕಣೇ, ಕೂಡಿಟ್ಟಿದ್ದೀಯ" ಎಂದರು.

ಆ ರಾತ್ರಿ ಹೊಸ ಹಾಸಿಗೆಯ ಹಾಳೆ ಬಿಚ್ಚಿ ನನ್ನನ್ನೇ ಮಲಗಿಸಿದರು. "ಯಾರಿಗೋ ಹೊಲಿಸಿದ್ದು, ಅವರಿಗೆ ಬೇಡವಾಯ್ತು. ನೀನಾದ್ರೂ ಮಲಗು." ಚೆನ್ನಾಗಿ ನಿದ್ದೆ ಬಂತು, ಯಾಸುಯೊ ಅವರೇ. ಗೋಡೆಯ ಬಣ್ಣವೂ ಚೆನ್ನಾಗಿದೆ.

ಭಾನುವಾರ ಬೆಳಗ್ಗೆ ಬಟ್ಟೆ ಒಣಹಾಕುವ ಅಟ್ಟದ ಮೇಲೆ ಅವರ ಕೂದಲು ಕತ್ತರಿಸಿದೆ. ಕತ್ತರಿ ನಾನು ಎಲ್ಲಿ ಹೋದರೂ ಜೊತೆಗಿರುತ್ತದೆ. "ಎಷ್ಟು?" ಎಂದು ಕೇಳಿದೆ, ಅವರು ಬೆರಳಿನಲ್ಲಿ ತೋರಿಸಿದರು. ಅಷ್ಟೇ ಮಾತು. ಎಲ್ಲೋ ಹಬ್ಬದ ಡೋಲು ಅಭ್ಯಾಸ ನಡೆದಿತ್ತು. ಕೊನೆಗೆ, "ನಮ್ಮನೇಲಿ ಮಾತಾಡೋರೇ ಎಲ್ಲಾ. ಕೇಳೋರೇ ಇಲ್ಲ. ಆ ಉತ್ತರದ ಹುಡುಗಿ ಬಾಯಿ ಬಿಡಲ್ವಂತೆ. ಅವಳು ಬಂದಿದ್ರೆ ನನ್ನ ಮಾತು ಕೇಳೋಕೆ ಒಬ್ಬಳು ಆಗ್ತಿದ್ದಳು" ಎಂದರು. ಅವರಿಗೆ ಸೆಕೆಯಾಗಿತ್ತು, ಕಣ್ಣು ಒರೆಸಿಕೊಂಡರು.

ಆಮೇಲೆ ಕೋಟೆ ನೋಡಬೇಕೆಂದೆ. "ಅದರಲ್ಲೇನಿದೆ, ಒಳಗೆ ಲಿಫ್ಟ್ ಹಾಕಿದ್ದಾರೆ. ಲಿಫ್ಟ್ ಇರೋ ಕೋಟೆನ ಯಾವ ಶತ್ರು ಬೇಕಾದ್ರೂ ಹತ್ತಬಹುದು" ಎಂದು ದೂರದಿಂದಲೇ ತೋರಿಸಿ, ಎದುರಿನ ಅಂಗಡಿಯಲ್ಲಿ ಹಣ್ಣು ಹಾಲು ಎಲ್ಲ ಅರೆದ ತಣ್ಣನೆಯ ಪಾನಕ ಕುಡಿಸಿದರು. ಅದರ ರುಚಿ ಇನ್ನೂ ಬಾಯಲ್ಲಿದೆ.

ಸಂಜೆ ಬಸ್ಸು ಹತ್ತುವಾಗ ಅವರ ಕಿವಿಯ ಹತ್ತಿರ ಬಾಯಿಟ್ಟು, "ನಾನು ಮಿನ್‌ಮಾಯಾದವಳು" ಎಂದೆ. "ಗೊತ್ತು ಗೊತ್ತು, ಎಷ್ಟು ಸಲ ಹೇಳ್ತೀಯ! ಮಿನಾಮಿ ಏನು ಕಾಶಿ ರಾಮೇಶ್ವರವಾ? ಮುಂದಿನ ವಾರವೂ ಬಾ" ಎಂದರು. ಅವರಿಗೆ ನೀವೇ ನಿಜ ಹೇಳಿಬಿಡಿ. ನನ್ನಿಂದ ಆಗಲಿಲ್ಲ.

ಮಿಹೊ ವಿಷಯಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ ಎಂದು ಗೊತ್ತಿದೆ. ನಿಮ್ಮ ಮನೆ ನನಗೆ ಹಿಡಿಸಿತು. ಆದರೆ ನಾನು ಇದ್ದದ್ದು ಎರಡು ದಿನ, ಅವಳು ಇರಬೇಕಾದದ್ದು ಜೀವನಪೂರ್ತಿ. ನಿಮ್ಮ ಮನೆಗೆ ಕೇಳುವವಳು ಬೇಕು. ನನ್ನ ಮಗಳು ಬರೀ ಕೇಳುತ್ತಾ ಬಾಳಬೇಕೇ? ಅದೊಂದು ಮಾತು ಗಂಟಲಲ್ಲಿ ನಿಂತಿದೆ.

ತಮಿಕೊ


ತೆನ್ಮಾ, ಒಸಾಕಾ
೧೯೮೪ ಜುಲೈ ೨೯

ತಮಿಕೊ ಅವರೇ, ತಮಿಕೊ ಅವರೇ, ತಮಿಕೊ ಅವರೇ!

ನಿಮ್ಮ ಪತ್ರ ಓದಿ ನಾನು ಹಂಚಿನ ಮೇಲಿದ್ದ ನಾಲ್ಕು ರೊಟ್ಟಿ ಸುಟ್ಟೆ. ಗಿರಾಕಿಗಳು ಸುಟ್ಟದ್ದನ್ನೇ ತಿಂದು, ಮುಂದೇನಾಯಿತು ಓದಿ ಎಂದು ಕೂತರು. ನಿಮ್ಮ ಬಗ್ಗೆ ನಿಮಗೇ ಬರೆದು ಹಾಕಿದೆನಲ್ಲ, ಅದೂ ನಿಮ್ಮನ್ನು ಮೀರಿಸುವವಳು ಸಿಕ್ಕಿದ್ದಾಳೆಂದು! ಆ ಪತ್ರ ಸುಟ್ಟುಬಿಡಿ. ಬೇಡ, ಇಟ್ಟುಕೊಳ್ಳಿ, ಮೊಮ್ಮಕ್ಕಳಿಗೆ ಓದಿ ಹೇಳಬಹುದು. ನೋಡಿ, ನಾನು ಆಗಲೇ ಮೊಮ್ಮಕ್ಕಳವರೆಗೆ ಹೋಗಿಬಿಟ್ಟೆ.

ಈರುಳ್ಳಿಯ ಸುದ್ದಿ ಅತ್ತೆ ಹೇಳಬಾರದಿತ್ತು. ಆದರೆ ನಿಜ. ನಿಮ್ಮ ಒಂದು ಸಾಲು ನನಗೆ ಮುಖದ ಮೇಲೆ ಬಾಗಿಲು ಹಾಕಿದಂತಾಗಿತ್ತು, ಆ ಸಿಟ್ಟಿಗೇ ಪ್ರವಾಸಕ್ಕೆ ಹೆಸರು ಕೊಟ್ಟೆ. ನಿಮಗೆ ಅದನ್ನು ತೋರಿಸಬಾರದೆಂದು "ಅರ್ಥವಾಯಿತು", "ಅನುಕೂಲ", "ಕಾಲ" ಎಂದೆಲ್ಲ ಬರೆದೆ. ನನಗೆ ಅರ್ಥವಾದದ್ದು ಮಣ್ಣು. ನೀವು ನಿಲ್ದಾಣದಲ್ಲಿ ಇಳಿದಾಗ ನಾನಲ್ಲಿರಲಿಲ್ಲ. ಕ್ಷಮಿಸಿ.

ಅತ್ತೆಗೆ ಜೋರಾಗಿ ಓದಿ ಹೇಳಿದೆ. ಮೊದಲು ನಂಬಲಿಲ್ಲ. ನಂಬಿದ ಮೇಲೆ, "ಅಯ್ಯಯ್ಯೋ, ಅವಳನ್ನ ಅವಳೆದುರಿಗೇ ಬೈದೆನಲ್ಲೇ! ಜಂಬ ಅಂದೆ! ಅದಕ್ಕೆ ಅವಳೂ ಹ್ಞೂಂ ಅಂದಳು!" ಎಂದು ತಲೆ ಮೇಲೆ ಕೈ ಹೊತ್ತು ಕೂತರು. ಆಮೇಲೆ ಹಲ್ಲಿನ ಸೆಟ್ಟು ಜಾರುವಷ್ಟು ನಕ್ಕರು. ಈಗ ಬೀದಿಯಲ್ಲಿ ಹೋಗಿಬರುವವರಿಗೆಲ್ಲ ಕುತ್ತಿಗೆ ತೋರಿಸಿ, "ನಮ್ಮ ಬೀಗರು ಕತ್ತರಿಸಿದ್ದು" ಎನ್ನುತ್ತಿದ್ದಾರೆ. ನೀವು ಇನ್ನೂ ಒಪ್ಪಿಲ್ಲ ಎಂದರೆ ಕೇಳಿಸುವುದಿಲ್ಲ. ಬೇಡವಾದದ್ದಕ್ಕೆ ಮಾತ್ರ ಕಿವಿ ಮಂದ.

ನಿಮ್ಮ ಗಂಟಲಲ್ಲಿ ನಿಂತ ಮಾತಿಗೆ ನನ್ನ ಹತ್ತಿರ ಸುಲಭದ ಉತ್ತರವಿಲ್ಲ. ನಾವು ಮೂವರೂ ಬಾಯಿಬಡುಕರು. ಮಿಹೊ ಬಾಯಿ ತೆರೆದ ಕೂಡಲೇ ನಾವು ಮುಚ್ಚುತ್ತೇವೆ ಎಂದು ಆಣೆ ಮಾಡಿದರೆ ಸುಳ್ಳಾಗುತ್ತದೆ. ಆದರೆ ನಾನು ಮೊನ್ನೆಯಿಂದ ಅಭ್ಯಾಸ ಮಾಡುತ್ತಿದ್ದೇನೆ. ಗಿರಾಕಿ ಮಾತಾಡುವಾಗ ಮನಸ್ಸಿನಲ್ಲೇ ಹತ್ತು ಎಣಿಸಿ ಆಮೇಲೆ ಮಾತಾಡುತ್ತೇನೆ. ಆರರವರೆಗೆ ತಲುಪಿದ್ದೇನೆ.

ಒಂದು ವಿಚಿತ್ರ ನಡೆಯಿತು. ಮಿಹೊ ಮಾತು ಕಡಿಮೆ ಎಂದು ನೀವು ಬರೆದದ್ದನ್ನು ಶೂಜಿಗೆ ಓದಿದೆ. ವಾರಗಟ್ಟಲೆ ಮುಖ ಸೊಟ್ಟಗೆ ಮಾಡಿಕೊಂಡಿದ್ದವನು ಕಿಸಕ್ಕನೆ ನಕ್ಕ. ಯಾಕೋ ಎಂದರೆ, "ಅವರಮ್ಮ ಅವಳನ್ನೇ ಕೇಳ್ಲಿ" ಎಂದು ಎದ್ದು ಹೋದ. ನನಗೆ ಅದರ ತಲೆಬುಡ ತಿಳಿಯಲಿಲ್ಲ. ಒಂದು ಸಲ ಮಗಳನ್ನು ಕೂರಿಸಿಕೊಂಡು ಕೇಳಿ ನೋಡಿ, ತಮಿಕೊ ಅವರೇ. ನಾನು ಕಾಯುತ್ತೇನೆ.

ಯಾಸುಯೊ


ಮಿನ್‌ಮಾಯಾ, ಆವೊಮೊರಿ
೧೯೮೪ ಆಗಸ್ಟ್ ೬

ಯಾಸುಯೊ ಅವರೇ,

ನಿಮ್ಮ ಪತ್ರ ಬಂದ ದಿನ ಮಿಹೊಗೆ ಎಲ್ಲ ಹೇಳಿದೆ. ಅಂಗಡಿಯಲ್ಲಿ ಒಬ್ಬ ಗಿರಾಕಿ ಕೂತಿದ್ದ, ಅವನ ಗಡ್ಡಕ್ಕೆ ನೊರೆ ಹಚ್ಚುತ್ತಾ ಹೇಳಿದೆ. ಅಕಿತಾಗೆ ಹೋಗಿರಲಿಲ್ಲ, ಒಸಾಕಾಗೆ ಹೋಗಿದ್ದೆ ಎಂದಾಗ ಅವಳು ಬಿಳಿಚಿಕೊಂಡಳು. ಹಾಸ್ಯದ ಸಭಾಂಗಣದವರೆಗೆ ಬಂದೆ. "ಹಿಂದುಗಡೆ ಕೂದಲು ಬೆಳೆದಿದೆ" ಎಂದು ನಾನು ಅಂದದ್ದನ್ನೂ ಹೇಳಿದೆ.

ಮಿಹೊ ನಕ್ಕಳು. ನೆಲದ ಮೇಲೆ ಕೂತು ನಕ್ಕಳು. ಆಮೇಲೆ ಮಾತಾಡಲು ಶುರು ಮಾಡಿದಳು.

ನಿಲ್ಲಲೇ ಇಲ್ಲ, ಯಾಸುಯೊ ಅವರೇ. ಶೂಜಿ ಹೇಗೆ ಮಾತಾಡುತ್ತಾನೆ, ಅವನಿಗೆ ತಾನು ಹೇಗೆ ತಿರುಗೇಟು ಕೊಡುತ್ತೇನೆ ಎಂದು ಎರಡೂ ದನಿಯಲ್ಲಿ ಆಡಿ ತೋರಿಸಿದಳು. ನಿಮ್ಮೂರ ಮಾತು, ನಿಮ್ಮೂರ ರಾಗ. ನನ್ನ ನಡಿಗೆ, ಅವರಪ್ಪ ಬೊಂಡಾಸದ ಜೊತೆ ಮಾತಾಡುವುದು, ಅಂಚೆಯವನ ಕೆಮ್ಮು, ಎಲ್ಲ ಮಾಡಿದಳು. ಗಿರಾಕಿ ಅರ್ಧ ಮುಖದ ನೊರೆ ಒಣಗಿದ್ದೂ ತಿಳಿಯದೆ ಕುರ್ಚಿ ಹಿಡಿದುಕೊಂಡು ನಗುತ್ತಿದ್ದ. ಕತ್ತಿ ಹಿಡಿದು ನಿಂತ ನಾನು, ಇವಳು ಯಾರ ಮಗಳು ಎಂದು ನೋಡುತ್ತಿದ್ದೆ.

"ಇಷ್ಟು ದಿನ ಯಾಕೆ ಸುಮ್ನಿದ್ದೆ?" ಎಂದು ಕೇಳಿದೆ.

"ನಿನಗೆ ಮಾತು ಇಷ್ಟ ಇಲ್ಲ ಅನ್ಕೊಂಡಿದ್ದೆ ಕಣಮ್ಮ," ಎಂದಳು.

ನಾನು ಸುಮ್ಮನಿರುತ್ತಿದ್ದದ್ದು ಮಾತು ಬಾರದೆ. ಅವಳು ಇಪ್ಪತ್ತನಾಲ್ಕು ವರ್ಷ ಸುಮ್ಮನಿದ್ದದ್ದು ನನಗಾಗಿ. ಅವಳ ಮಾತು ಯಾರ ಕಿವಿಗೂ ಬೀಳದೆ ಹೋದೀತು ಎಂದು ನಿಮ್ಮ ಮನೆಯ ಬಗ್ಗೆ ಹೆದರಿದ್ದೆ. ಅದು ಬೀಳದೆ ಹೋದದ್ದು ನಮ್ಮ ಮನೆಯಲ್ಲೇ.

ಮಗಳನ್ನು ನಿಮಗೆ ಕೊಡುತ್ತೇನೆ. ಶರತ್ಕಾಲದಲ್ಲಿ ಒಳ್ಳೆಯ ದಿನ ನೋಡಿ ನಿಶ್ಚಿತಾರ್ಥಕ್ಕೆ ಬನ್ನಿ. ಉಮೆ ಅಜ್ಜಿಗೆ ಮಾತ್ರ ಮೊದಲೇ ಹೇಳಿಬಿಡಿ, ಕೇಳುವವಳು ಸಿಗುತ್ತಾಳೆಂದು ಕಾಯಬೇಡಿ, ಸರಿಸಾಟಿ ಬರುತ್ತಿದ್ದಾಳೆ ಎಂದು. ಮೂಗಿಯೆಂದು ಹೇಳಿ ಮೋಸ ಮಾಡಿದರು ಎಂಬ ಮಾತು ಆಮೇಲೆ ಬರಬಾರದು.

ಇನ್ನೂ ಬರೆಯಬಹುದು. ಆದರೆ ಒಳಗೆ ಮಿಹೊ ಅವರಪ್ಪನಿಗೆ ಏನೋ ಹೇಳುತ್ತಿದ್ದಾಳೆ, ಅವರು ನಗುತ್ತಿದ್ದಾರೆ. ನಮ್ಮ ಮನೆಯಲ್ಲಿ ಅವಳು ಇನ್ನು ಕೆಲವೇ ತಿಂಗಳು ಇರುವುದು. ಇಲ್ಲಿಗೆ ನಿಲ್ಲಿಸುತ್ತೇನೆ, ಹೋಗಿ ಕೇಳಬೇಕು.

ತಮಿಕೊ